ಹದಿಮೂರನೆಯ ಶಟಲ್

ಡಿಸೆಂಬರ್ ಹದಿನೇಳು, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಎಂಟು ನಿಮಿಷ. ವನದುರ್ಗದ ಶಾಲೆಯ ಅಂಗಳದಲ್ಲಿ ನಾನು ಶಟಲ್ ಆಡಲು ನೆಟ್ ಬದಲಿಗೆ ಹಗ್ಗ ಕಟ್ಟಿ ಮುಗಿಸಿದ ಹೊತ್ತು ಅದು. ಡೈರಿಯ ಆ ಪುಟದಲ್ಲಿ ಸಮಯದ ಕೆಳಗೆ ‘ಚಳಿ ಇದೆ, ಗಾಳಿ ಇಲ್ಲ, ಶಟಲ್ ೧೨’ ಎಂದಿದೆ. ಆ ಹನ್ನೆರಡರ ಪಕ್ಕದಲ್ಲೇ, ಅರ್ಧ ಗಂಟೆಯ ನಂತರ ಒತ್ತಿ ಬರೆದ ಒಂದು ಹದಿಮೂರು ಇದೆ. ಆ ಹೆಚ್ಚಿನ ಒಂದರ ಬಗ್ಗೆ ಈಗ ಬರೆಯುತ್ತಿದ್ದೇನೆ.

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ವಿಚಿತ್ರವಾದದ್ದನ್ನು ಕಂಡೆ ಎಂದರೆ ಯಾವತ್ತು, ಎಷ್ಟು ಗಂಟೆಗೆ, ಜೊತೆಗೆ ಯಾರಿದ್ದರು, ಬರೆದಿಟ್ಟಿದ್ದೀರಾ ಎಂದು ಕೇಳುತ್ತಿದ್ದೆ. ನಾಲ್ಕನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಹೇಳುವವರು ಬೇಸತ್ತು ಎದ್ದು ಹೋಗುತ್ತಿದ್ದರು. ಈಗ ನನ್ನನ್ನೂ ಯಾರಾದರೂ ಹಾಗೇ ಕೇಳಲಿ ಎಂಬ ಆಸೆಯಿದೆ. ಎಲ್ಲವನ್ನೂ ಬರೆದಿಟ್ಟಿದ್ದೇನೆ. ಆದರೂ ನನಗೆ ಏನೂ ಬಗೆಹರಿದಿಲ್ಲ.

ಕುಡಿಯುವ ನೀರಿನ ಮಾದರಿಗಳನ್ನು ಬಾಟಲಿಗಳಲ್ಲಿ ತುಂಬಿ, ಸಂಖ್ಯೆ ಬರೆದು, ಪರೀಕ್ಷೆಗೆ ಒಯ್ಯುವುದು ನನ್ನ ಕೆಲಸ. ಮನೆ ಯಾದಗಿರಿಯಲ್ಲಿ. ವಾರದಲ್ಲಿ ನಾಲ್ಕು ದಿನ ಸುತ್ತಾಟ. ಒಂದು ದಿನ ಹತ್ತಿಕುಣಿಯಲ್ಲಿದ್ದರೆ ಮರುದಿನ ವಡಗೇರಾ, ಆಮೇಲೆ ಶಹಾಪುರದ ಹಳ್ಳಿಗಳು, ಕೊನೆಗೆ ಸುರಪುರ. ಕೆಲವು ಊರುಗಳಲ್ಲಿ ನಸುಕಿಗೇ ನೀರು ಬಿಡುತ್ತಾರೆ, ಆ ಹೊತ್ತಿಗೆ ನಳದ ಮುಂದೆ ನಿಂತಿರಬೇಕು. ಆದ್ದರಿಂದ ಹಿಂದಿನ ದಿನವೇ ಹೋಗಿ ಪರಿಚಯದವರ ಮನೆಯಲ್ಲಿ ಉಳಿಯುತ್ತೇನೆ. ವನದುರ್ಗದಲ್ಲಿ ಅಂಥ ಮನೆ ಶಾಂತಾಬಾಯಿ ಟೀಚರ್ ಅವರದು. ಅವರ ಬಾಗಿಲಿನ ಎದುರೇ ಅವರು ಕಲಿಸುವ ಶಾಲೆ, ಗೇಟಿನ ಕೀಲಿ ಅವರ ಹತ್ತಿರವೇ ಇರುತ್ತದೆ.

ನನಗೆ ಆಟ ಎಂದರೆ ಶಟಲ್. ಒಳಾಂಗಣ ಇರುವವರಿಗೆ ಅದು ಹನ್ನೆರಡು ತಿಂಗಳ ಆಟ. ಬಯಲಿನಲ್ಲಿ ಆಡುವ ನಮಗೆ ಮಾತ್ರ ಚಳಿಗಾಲದ್ದು. ಉಳಿದ ತಿಂಗಳುಗಳಲ್ಲಿ ನಮ್ಮ ಕಡೆಯ ಗಾಳಿ ಶಟಲನ್ನು ಪಕ್ಕದ ಓಣಿಗೆ ಕೊಂಡೊಯ್ಯುತ್ತದೆ. ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗೆ ಬೆಳಗಿನಲ್ಲಿ ಒಂದು ಗಂಟೆ ಎಲೆಯೂ ಅಲುಗುವುದಿಲ್ಲ. ಹಿಮದ ಮೇಲೆ ಜಾರುವವರನ್ನು ಟಿ.ವಿ.ಯಲ್ಲಿ ತೋರಿಸಿದಾಗಲೆಲ್ಲ ಭಾಗ್ಯಕ್ಕ, ನಮ್ಮದೂ ಚಳಿಗಾಲದ ಆಟವೇ, ನಮ್ಮನ್ನೂ ತೋರಿಸಲಿ ಎನ್ನುತ್ತಿದ್ದಳು.

ಭಾಗ್ಯಕ್ಕ ನನ್ನ ಸ್ವಂತ ಅಕ್ಕ, ನನಗಿಂತ ಐದು ವರ್ಷ ದೊಡ್ಡವಳು. ಡಬಲ್ಸ್‌ನಲ್ಲಿ ನನಗೆ ಅವಳನ್ನು ಬಿಟ್ಟರೆ ಬೇರೆ ಜೊತೆಗಾರ್ತಿ ಇರಲಿಲ್ಲ. ಶಟಲ್ ಉಳಿಸುವುದನ್ನು ನನಗೆ ಕಲಿಸಿದವಳೂ ಅವಳೇ. ಚಳಿಗಾಲದ ಒಣ ಹವೆಗೆ ಗರಿಗಳು ಪಟಪಟನೆ ಮುರಿಯುತ್ತವೆ. ಹಾಗಾಗದಿರಲು ಅವುಗಳಿಗೆ ಹಬೆ ತೋರಿಸಬೇಕು. ಅಕ್ಕ ಅದನ್ನು ಜೋಳದ ಹಿಟ್ಟು ನಾದಲು ಇಟ್ಟ ಎಸರಿನ ಮೇಲೆ ಮಾಡುತ್ತಿದ್ದಳು. ಎಸರು ಕುದಿಯುವಾಗ ಶಟಲನ್ನು ಬುಡ ಹಿಡಿದು ಎರಡು ಸುತ್ತು ತಿರುಗಿಸಿ, ಕಿಟಕಿಯ ಕಟ್ಟೆಗಿಟ್ಟು, ಅದೇ ನೀರನ್ನು ಹಿಟ್ಟಿಗೆ ಸುರಿಯುತ್ತಿದ್ದಳು. ಸೀಳಿದ ಗರಿಯ ಕಡ್ಡಿಗೆ ಹಸಿರು ದಾರ ಸುತ್ತಿ, ಗಂಟನ್ನು ಕಡ್ಡಿಗಳ ಒಳಬದಿಗೆ ತಿರುಗಿಸಿ ಹಾಕುತ್ತಿದ್ದಳು. ಆ ಒಳಗಂಟು ನನಗೆ ಇವತ್ತಿಗೂ ಬರುವುದಿಲ್ಲ.

ಮದುವೆಯಾಗಿ ಸುರಪುರಕ್ಕೆ ಹೋದಮೇಲೆ ಅಕ್ಕ ಬ್ಯಾಟ್ ಮುಟ್ಟಲಿಲ್ಲ. ಹೊಲಿಗೆ ಹಚ್ಚಿಕೊಂಡಳು, ಕೈತುಂಬ ಗಿರಾಕಿಗಳಾದರು. ಈ ಕಡೆ ನನ್ನ ಸುತ್ತಾಟವೂ ಹೆಚ್ಚಿತು. ಡೈರಿಯ ಲೆಕ್ಕದಂತೆ ಹಿಂದಿನ ಚಳಿಗಾಲದಲ್ಲಿ ನಾನು ಆಡಿದ್ದು ಒಂಬತ್ತು ಬೆಳಗು. ಹದಿಮೂರನೆಯ ಶಟಲ್ ಸಿಕ್ಕ ಆ ವರ್ಷ ಯಾದಗಿರಿಯಲ್ಲಿ ಜನವರಿಗೆ ಹೆಂಗಸರ ಡಬಲ್ಸ್ ಪಂದ್ಯ ಇಟ್ಟಿದ್ದರು. ಹೆಸರು ಕೊಡಲು ಡಿಸೆಂಬರ್ ಹದಿನೇಳರ ಸಂಜೆ ಆರು ಕೊನೆ. ಭಾನುವಾರ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವಳು ಸಿಟ್ಟೇನೂ ಮಾಡಿಕೊಳ್ಳಲಿಲ್ಲ. "ಬ್ಯಾಟ್ ಹಿಡದು ಆರು ವರ್ಷ ಆತು. ಈಗ ಹೋಗಿ ಅಂಗಳದಾಗ ಕುಣದ್ರ ಮಂದಿ ನಕ್ಕಾರು. ನೀ ಬ್ಯಾರೆ ಯಾರನ್ನರ ನೋಡ್ಕೊ, ತಂಗಿ" ಎಂದಳು.

ಬೇರೆ ಯಾರೂ ಇರಲಿಲ್ಲ. ಈ ಪಂದ್ಯವೂ ತಪ್ಪಿದರೆ ಆಟವನ್ನೇ ಬಿಡುವುದು ಎಂದು ಸೋಮವಾರ ಬಸ್ಸಿನಲ್ಲಿ ಕುಳಿತು ಬರೆದುಕೊಂಡೆ. ಮಂಗಳವಾರ ಬೆಳಿಗ್ಗೆ ಒಮ್ಮೆ ಆಡಿ, ಬ್ಯಾಟು, ಹಗ್ಗ, ಹನ್ನೆರಡು ಶಟಲ್ ಎಲ್ಲವನ್ನೂ ಶಾಂತಾಬಾಯಿ ಟೀಚರ್ ಅವರ ಶಾಲೆಗೆ ಕೊಟ್ಟುಬಿಡುವ ವಿಚಾರ ಇತ್ತು.

ಆ ರಾತ್ರಿ ಊಟದ ನಂತರ ಚೀಲ ಬರಿದು ಮಾಡಿ ಶಟಲ್‌ಗಳನ್ನು ಚಾಪೆಯ ಮೇಲೆ ಎಣಿಸಿದೆ. ನೀರಿನ ಬಾಟಲಿಗೆ ಬರೆಯುವ ಮಾರ್ಕರ್‌ನಿಂದಲೇ ಅವುಗಳ ಬುಡಕ್ಕೆ ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಹಾಕಿರುತ್ತೇನೆ. ಮತ್ತೊಮ್ಮೆ ಎಣಿಸುವಾಗ ಟೀಚರ್ ನಕ್ಕರು. "ಹನ್ನೆರಡನ್ನ ಎಷ್ಟು ಸಲ ಎಣಸ್ತಿ, ಯವ್ವಾ? ರಾತ್ರ್ಯಾಗ ಮರಿ ಹಾಕ್ತಾವೇನು ಅವು?"

ಬೆಳಿಗ್ಗೆ ಎದ್ದು ಅವರಿಂದ ಕೀಲಿ ಇಸಿದುಕೊಂಡು ಅಂಗಳಕ್ಕೆ ಹೋದೆ. ಗೇಟಿಗೆ ಒಳಗಿನಿಂದ ಕೊಂಡಿ ಹಾಕಿಕೊಂಡೆ, ನಾಯಿಗಳು ಬರುತ್ತವೆಂದು. ಪಡಸಾಲೆಯ ದೀಪ ಹಾಕಿದೆ. ಊರಿನ ಕೋಟೆ ಇನ್ನೂ ಕಪ್ಪಗಿತ್ತು. ಬೇವಿನ ಮರಕ್ಕೂ ವಾಲಿಬಾಲ್ ಕಂಬಕ್ಕೂ ಹಗ್ಗ ಬಿಗಿದೆ. ಒಬ್ಬಳೇ ಆಡುವುದು ಸುಲಭ. ಹನ್ನೆರಡು ಶಟಲ್‌ಗಳನ್ನೂ ಒಂದೊಂದಾಗಿ ಹಗ್ಗದ ಆಚೆಗೆ ಸರ್ವ್ ಮಾಡುವುದು, ಆಚೆ ಹೋಗಿ ಎಣಿಸಿ ಆರಿಸಿಕೊಳ್ಳುವುದು, ಅಲ್ಲಿಂದ ಈಚೆಗೆ ಹೊಡೆಯುವುದು. ಮೊದಲ ಸುತ್ತಿನಲ್ಲಿ ಹನ್ನೆರಡು ಹೋದವು, ಹನ್ನೆರಡು ಸಿಕ್ಕವು. ಎರಡನೆಯದರಲ್ಲೂ ಅಷ್ಟೇ. ಅಷ್ಟರಲ್ಲಿ ಬೆಳಕು ಹರಿದಿತ್ತು. ಒಂದು ತೆಳು ಮಂಜು ಮಾತ್ರ ಅಂಗಳದ ಆ ತುದಿಯಲ್ಲಿ ಇತ್ತು.

ಮೂರನೆಯ ಸುತ್ತು ಮುಗಿಸಿ ಆಚೆ ಹೋದಾಗ ಗಡಿಯಾರದಲ್ಲಿ ಆರು ಮೂವತ್ತಾರು. ಆರಿಸುತ್ತಾ ಬಂದೆ. ಹನ್ನೆರಡು ಕೈಗೆ ಬಂದಮೇಲೂ ಬೇವಿನ ಬೇರಿನ ಹತ್ತಿರ ಇನ್ನೊಂದು ಬಿದ್ದಿತ್ತು. ಎಣಿಕೆ ತಪ್ಪಿದೆ ಎಂದುಕೊಂಡು ಹನ್ನೆರಡನ್ನೂ ನೆಲದ ಮೇಲೆ ಸಂಖ್ಯೆಯ ಸಾಲಿನಲ್ಲಿ ಇಟ್ಟೆ. ಒಂದೂ ಕಮ್ಮಿ ಇರಲಿಲ್ಲ. ಆಮೇಲೆ ಅದನ್ನು ಎತ್ತಿದೆ.

ಅದರ ಬುಡದಲ್ಲಿ ಸಂಖ್ಯೆ ಇರಲಿಲ್ಲ. ಎರಡು ಕಡ್ಡಿಗಳಿಗೆ ಹಸಿರು ದಾರ ಸುತ್ತಿತ್ತು, ಗಂಟು ಒಳಬದಿಗಿತ್ತು. ಗರಿಗಳು ಹಸಿಯಾಗಿದ್ದವು, ಮತ್ತು ಬೆಚ್ಚಗಿದ್ದವು. ಆ ಚಳಿಯಲ್ಲಿ ನನ್ನ ಬೆರಳುಗಳೇ ಮರಗಟ್ಟಿದ್ದವು. ನನ್ನ ಶಟಲ್‌ಗಳಿಗೆ ನಾನು ಹಬೆ ತೋರಿಸಿರಲಿಲ್ಲ, ಅವು ಒಣಗಿ ಗರಗರ ಎನ್ನುತ್ತಿದ್ದವು. ಇದನ್ನು ಮೂಗಿನ ಹತ್ತಿರ ತಂದರೆ ಎಸರಿನ, ಜೋಳದ ಹಿಟ್ಟಿನ ವಾಸನೆ ಬಂತು.

ನನಗೆ ಹೆದರಿಕೆಯಾಗಲಿಲ್ಲ. ಯಾರೋ ಅಡುಗೆಮನೆಯಿಂದ ಕೈಚಾಚಿ ಕೊಟ್ಟಂತೆ ಅನ್ನಿಸಿತು, ಅಷ್ಟೇ. ಹೋಗಿ ಗೇಟು ನೋಡಿದೆ, ಕೊಂಡಿ ಹಾಕಿದಂತೆಯೇ ಇತ್ತು. ಬೇರೆ ಯಾರದಾದರೂ ಹೆಜ್ಜೆ ಇದೆಯೇ ಎಂದು ನೆಲ ನೋಡುವುದು ನನಗೆ ತಡವಾಗಿ ಹೊಳೆಯಿತು. ಅಷ್ಟರಲ್ಲಿ ಎಲ್ಲವನ್ನೂ ನಾನೇ ತುಳಿದು ಹಾಳುಮಾಡಿದ್ದೆ. ಇಷ್ಟು ವರ್ಷ ಉಳಿದವರನ್ನು ಪ್ರಶ್ನೆ ಕೇಳಿದವಳು ಮಾಡಿದ ತಪ್ಪು ಇದು.

ಏಳಕ್ಕೆ ವಾಟರ್‌ಮನ್ ಹುಸೇನಪ್ಪ ನೀರು ಬಿಟ್ಟರು. ಶಟಲನ್ನು ಸ್ವೆಟರಿನ ಜೇಬಿನಲ್ಲಿಟ್ಟುಕೊಂಡೇ ಬಾಟಲಿ ತುಂಬಿದೆ. ಐದನೆಯ ಬಾಟಲಿಯ ಮೇಲೆ ನಾನು ಬರೆದ ಸಂಖ್ಯೆಯನ್ನು ಅವರು ಬಗ್ಗಿ ನೋಡಿದರು. "ನಾಕರ ಮ್ಯಾಲ ಹದಿಮೂರು ಬರ್ತದೇನ್ರಿ ಮೇಡಂ? ನಮ್ಮ ಸಾಲ್ಯಾಗ ಐದು ಬರ್ತಿತ್ರಿ." ಕೆಲಸಕ್ಕೆ ಸೇರಿದಮೇಲೆ ನಾನು ಸಂಖ್ಯೆ ತಪ್ಪಿ ಬರೆದ ಬಾಟಲಿ ಅದೊಂದೇ.

ಏಳು ನಲವತ್ತಕ್ಕೆ ಅಕ್ಕನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಬೆಕ್ಕನ್ನು ಬಯ್ಯಲು ಶುರುಮಾಡಿದಳು. ಭಾನುವಾರ ನನ್ನ ಜೊತೆ ಆಡಲು ಒಲ್ಲೆ ಎಂದಾಗಿನಿಂದ ಅವಳ ಮನಸ್ಸು ನೆಟ್ಟಗಿರಲಿಲ್ಲವಂತೆ. ಹೊಲಿಗೆ ಮಷೀನಿನ ಡ್ರಾದಲ್ಲಿ ಉಳಿದಿದ್ದ ಒಂದೇ ಒಂದು ಹಳೆಯ ಶಟಲಿಗೆ ಹಿಂದಿನ ರಾತ್ರಿ ದಾರ ಸುತ್ತಿದ್ದಳು. ಮಾವನ ಬುತ್ತಿ ಏಳರ ಬಸ್ಸಿಗೆ ಸಿದ್ಧವಾಗಬೇಕು, ಆದ್ದರಿಂದ ಅವಳ ಎಸರು ಕುದಿಯುವುದು ದಿನಾ ಆರೂ ಇಪ್ಪತ್ತಕ್ಕೆ. ಈ ದಿನ ಅದರ ಮೇಲೆ ಶಟಲನ್ನು ಹಿಡಿದಿದ್ದಳು. ಅತ್ತೆ ಬಂದು, ರೊಟ್ಟಿ ಬಿಟ್ಟು ಕೋಳಿ ಪುಚ್ಚ ಬೇಯಿಸುತ್ತೀ ಏನು ಎಂದು ಕೇಳಿಯೂ ಹೋಗಿದ್ದರು. ಕಿಟಕಿಯ ಕಟ್ಟೆಗಿಟ್ಟು, ಎರಡು ರೊಟ್ಟಿ ಬಡಿದು ತಿರುಗಿದರೆ ಶಟಲ್ ಇರಲಿಲ್ಲ.

"ಹಿಟ್ಟಿನ ಡಬ್ಬಿ ಸರಿಸಿ ನೋಡೇನಿ, ಹೊರಗ ನೋಡೇನಿ. ಬೆಕ್ಕ ಒಯ್ದಿರಬೇಕು" ಎಂದಳು. ಆಮೇಲೆ, "ಅದು ಸಿಕ್ಕರ ಹೆಸರು ಕೊಡು. ಸಿಗಲಿಲ್ಲಂದ್ರ ನನ್ನ ಹಣ್ಯಾಗ ಆಟ ಇಲ್ಲ ಅಂತ ತಿಳ್ಕೊ" ಎಂದಳು. ಅರ್ಧ ಚೇಷ್ಟೆ, ಅರ್ಧ ನಿಜ.

ನನ್ನ ಒಂದು ಕೈ ಜೇಬಿನಲ್ಲೇ ಇತ್ತು. ಮಧ್ಯಾಹ್ನ ಹೇಗೂ ಸುರಪುರಕ್ಕೆ ಬರುವವಳಿದ್ದೇನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಕೀಲಿ ಕೊಡಲು ಹೋದಾಗ ಟೀಚರ್‌ಗೆ ಮಾತ್ರ ಶಟಲ್ ತೋರಿಸಿ ನಡೆದದ್ದನ್ನು ತಿಳಿಸಿದೆ. ಅವರು ಕೈಯಲ್ಲಿ ತಿರುಗಿಸಿ ನೋಡಿ, ನಗದೆ, "ಮರಿ ಹಾಕ್ಯಾವಲ್ಲ" ಎಂದರು. ಬ್ಯಾಟು, ಹಗ್ಗ ಕೊಡುವ ಮಾತನ್ನು ನಾನು ಎತ್ತಲಿಲ್ಲ.

ಎರಡು ಗಂಟೆ ಇಪ್ಪತ್ತಕ್ಕೆ ಅಕ್ಕನ ಮನೆ ಮುಟ್ಟಿದೆ. ಅವಳು ಒಂದು ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದಳು. ಮಷೀನಿನ ಹಲಗೆಯ ಮೇಲೆ ಶಟಲ್ ಇಟ್ಟೆ. ಅವಳು ಅದರ ಹೊರಗಿನ ದಾರ ನೋಡಿದಳು, ಮಗುಚಿ ಒಳಗಿನ ಗಂಟು ನೋಡಿದಳು.

"ನೀ ಯಾವಾಗ ಬಂದು ಒಯ್ದಿ?"

ನಾನು ಬಂದಿರಲಿಲ್ಲ. ವನದುರ್ಗದಿಂದ ಸುರಪುರ ಬಸ್ಸಿಗೇ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವ ದೂರ. ಇತ್ತ ಕಟ್ಟೆಯ ಮೇಲಿಟ್ಟದ್ದಕ್ಕೂ ಅತ್ತ ನನಗೆ ಸಿಕ್ಕಿದ್ದಕ್ಕೂ ನಡುವೆ ಹೆಚ್ಚೆಂದರೆ ಹದಿನೈದು ನಿಮಿಷ. ಡೈರಿ ತೆರೆದು ತೋರಿಸಿದೆ. ಅಕ್ಕ ಓದಿದಳು. ಮೊದಲು ನಕ್ಕಳು, ಆಮೇಲೆ ಎದ್ದು ಹೋಗಿ ಕಿಟಕಿಯ ಕಟ್ಟೆಯನ್ನು ಕೈಯಿಂದ ಸವರಿ ಬಂದಳು. ಮತ್ತೆ ಮಷೀನಿನ ಮುಂದೆ ಕುಳಿತು ತೋಳನ್ನು ಪೂರ್ತಿ ಹೊಲಿದಳು. ದಾರ ಕಡಿದು, ತಲೆ ಎತ್ತದೆಯೇ ಹೇಳಿದಳು: "ಹೆಸರು ಕೊಡು. ನಂದು ಮೊದಲ ಬರಸು, ನಾ ದೊಡ್ಡಾಕಿ."

ಬಸ್ಸಿನಲ್ಲಿ ಯಾದಗಿರಿಗೆ ಹೋಗಿ, ಐದೂ ಇಪ್ಪತ್ತಕ್ಕೆ ಹೆಸರು ಕೊಟ್ಟೆವು.

ಜನವರಿಯಲ್ಲಿ ನಾವು ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಸೋತೆವು. ಮಂದಿ ನಕ್ಕರು, ನಿಜ. ಅಕ್ಕ ಅವರಿಗಿಂತ ಜೋರಾಗಿ ನಗುತ್ತಿದ್ದಳು. ಈಗ ನನ್ನ ಸುತ್ತಾಟದ ಪಟ್ಟಿಯಲ್ಲಿ ಸುರಪುರದ ಸರದಿಯ ಹಿಂದಿನ ರಾತ್ರಿ ಅವಳ ಮನೆಯಲ್ಲೇ ವಸತಿ. ಬೆಳಿಗ್ಗೆ ಅವಳ ಓಣಿಯ ಬಯಲಿನಲ್ಲಿ ಹಗ್ಗ ಕಟ್ಟುತ್ತೇವೆ. ಕಳೆದ ಚಳಿಗಾಲದಲ್ಲಿ ನಾನು ಆಡಿದ್ದು ಇಪ್ಪತ್ತೇಳು ಬೆಳಗು. ಕೆಲಸ ಹೆಚ್ಚಾಯಿತು ಎಂದು ಆಟ ಬಿಡಬೇಕಿಲ್ಲ, ಹಗ್ಗವನ್ನು ಬಾಟಲಿಗಳ ಪೆಟ್ಟಿಗೆಯಲ್ಲೇ ಇಟ್ಟುಕೊಂಡರೆ ಸಾಕು ಎಂಬುದು ನನಗೆ ತಿಳಿದಿದೆ.

ತಿಳಿಯದೇ ಉಳಿದಿರುವುದು ಆ ಒಂದು ಶಟಲ್. ಅದು ನನ್ನ ಚೀಲದಲ್ಲೇ ಇತ್ತು ಎನ್ನೋಣವೆಂದರೆ ಟೀಚರ್ ಎದುರಿಗೇ ಚೀಲ ಬರಿದು ಮಾಡಿದ್ದೆ. ಕಾಗೆ ಎತ್ತಿ ತಂದಿತು ಎನ್ನೋಣವೆಂದರೆ ಗರಿ ಬೆಚ್ಚಗಿತ್ತು. ಅಕ್ಕನೇ ಚೇಷ್ಟೆ ಮಾಡಿದಳು ಎನ್ನೋಣವೆಂದರೆ, ಅವಳು ಎಸರಿನ ಮೇಲೆ ಶಟಲ್ ಹಿಡಿದದ್ದನ್ನು ಅತ್ತೆ ಕಣ್ಣಾರೆ ಕಂಡಿದ್ದಾರೆ. ಅವಳ ಮನೆಯಲ್ಲಿ ಬೇರೆ ಶಟಲ್ ಇವತ್ತಿನವರೆಗೂ ಸಿಕ್ಕಿಲ್ಲ. ಬೆಕ್ಕಿನ ಮೇಲಿನ ಆರೋಪವನ್ನು ಅಕ್ಕ ಹಿಂದಕ್ಕೆ ಪಡೆದಿದ್ದಾಳೆ. ವನದುರ್ಗಕ್ಕೆ ಹೋದಾಗಲೆಲ್ಲ ಅದೇ ಅಂಗಳದಲ್ಲಿ ಅದೇ ಹೊತ್ತಿಗೆ ಹನ್ನೆರಡು ಸರ್ವ್ ಮಾಡಿ ನೋಡುತ್ತೇನೆ. ಇದುವರೆಗೆ ಹದಿನಾಲ್ಕು ಸಲ ನೋಡಿದ್ದೇನೆ. ಹನ್ನೆರಡೇ ಸಿಗುತ್ತವೆ.

ಹದಿಮೂರನೆಯದನ್ನು ನಾವು ಆಡಲು ಬಳಸುವುದಿಲ್ಲ. ಅದು ಮಷೀನಿನ ಡ್ರಾದಲ್ಲಿದೆ, ಬುಡಕ್ಕೆ ಸಂಖ್ಯೆ ಬರೆಯಲು ನನಗೆ ಕೈ ಬಂದಿಲ್ಲ. ಓದಿದವರಲ್ಲಿ ಯಾರಿಗಾದರೂ ಇಂಥದ್ದು ನಡೆದಿದ್ದರೆ, ಅಥವಾ ಆ ಬೆಳಿಗ್ಗೆ ವನದುರ್ಗದ ಶಾಲೆಯ ಹತ್ತಿರ ಹಾದುಹೋದವರು ಏನಾದರೂ ಕಂಡಿದ್ದರೆ, ದಯವಿಟ್ಟು ಬರೆದು ತಿಳಿಸಿ. ದಿನ, ಗಂಟೆ, ಜೊತೆಗಿದ್ದವರು ಯಾರು ಎಂಬುದೂ ಇರಲಿ. ಊಹೆಗಳನ್ನು ಕಳಿಸುವುದು ಬೇಡ. ಅಂಥವು ನನ್ನ ಡೈರಿಯಲ್ಲೇ ಹನ್ನೊಂದಿವೆ.