ಪಕ್ಕದ ಮನೆ ಅವ್ವನ ಅವರೆಕಾಳು ಬೋಗುಣಿ

ಮೊಮ್ಮಕ್ಕಳೆಲ್ಲ ಸುತ್ತ ಕೂತು ಅವರೆಕಾಳು ಹಿತಕುವಾಗ ನನಗೆ ಸಂತೋಷ ಉಕ್ಕಿ ಬರುತ್ತದೆ. ಜೊತೆಗೆ, ಯಡಿಯೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅವ್ವನ ನೆನಪೂ. ಹೊಲದಲ್ಲಿ ದುಡಿದ ಗಟ್ಟಿ ಹೆಂಗಸು. ಯಾರು ಏನು ಕಷ್ಟ ಹೇಳಿಕೊಂಡರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಅಷ್ಟೇ ತಾನೆ?" ಎನ್ನುತ್ತಿದ್ದಳು.

ನಾನು ಮದುವೆಯಾಗಿ ಬಂದ ಹೊಸತು. ನಮ್ಮ ಯಜಮಾನರಿಗೆ ರಾತ್ರಿ ನಿದ್ದೆಯೇ ಹತ್ತುತ್ತಿರಲಿಲ್ಲ. ಹಗಲು ಕಾರ್ಖಾನೆಯಲ್ಲಿ ಮೆಷಿನ್ ಮುಂದೆ ತೂಕಡಿಸುತ್ತಿದ್ದರು. ಇನ್ನೊಂದು ಸಲ ತೂಕಡಿಸಿದರೆ ಮನೆಗೆ ಕಳಿಸುತ್ತೇನೆ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ನಾನು ಅಳುತ್ತಾ ಹೋಗಿ ಅವ್ವನಿಗೆ ಹೇಳಿದೆ.

"ಅಷ್ಟೇ ತಾನೆ?" ಎಂದಳು. ಸಂಜೆ, ನೆನೆದ ಅವರೆಕಾಳಿನ ದೊಡ್ಡ ಬೋಗುಣಿ ತಂದು ಇವರ ಮುಂದೆ ಇಟ್ಟಳು. "ನಾಳೆ ನಮ್ಮನೆಗೆ ನೆಂಟ್ರು ಬರ್ತಾರೆ ಕಣಪ್ಪ. ಒಸಿ ಹಿತಕಿಕೊಡು."

"ಗಂಡಸ್ರು ಮಾಡೋ ಕೆಲ್ಸಾನಾ ಅವ್ವ ಇದು?"

"ಸಾರು ಬಡಿಸ್ದಾಗ ಗಂಡಸ್ರು ಎದ್ದು ಹೋಗ್ತೀರಾ?"

ಇವರು ಬೋಗುಣಿ ಹತ್ತಿರ ಎಳೆದುಕೊಂಡು ಹಿತಕತೊಡಗಿದರು. ಅವ್ವ ಎದುರಿಗೆ ಕೂತು ತನ್ನ ಎಮ್ಮೆಯ ಕತೆಯನ್ನು ಎಳೆದೆಳೆದು ಹೇಳಿದಳು. ಬೋಗುಣಿ ಅರ್ಧವಾಗುವಷ್ಟರಲ್ಲಿ ಇವರು ಗೋಡೆಗೆ ಒರಗಿ ಗೊರಕೆ! ಇವರ ಕೈಯಲ್ಲಿದ್ದ ಕಾಳು ತೆಗೆಯಲು ನಾನು ಹೋದರೆ ಅವ್ವ ನನ್ನ ಕೈಗೇ ಒಂದೇಟು ಕೊಟ್ಟಳು. "ಸುಮ್ಕಿರವ್ವ, ಎದ್ದುಬಿಟ್ಟಾನು!"

ಬೆಳಗಾಗುವವರೆಗೂ ಇವರು ಅಲ್ಲಾಡಲಿಲ್ಲ. ಎದ್ದವರೇ ಪಕ್ಕದ ಮನೆಗೆ ಹೋಗಿ, "ಅವ್ವ, ನೆಂಟ್ರು ಬಂದ್ರಾ?" ಎಂದರು.

"ನೀನೇ ಕಣಪ್ಪ ನೆಂಟ. ಮೆಷಿನ್ ಮುಂದೆ ಕಣ್ಣು ಬಿಟ್ಕೊಂಡು ನಿಂತಿದ್ದು ಬಾ, ಬಿಸಿ ಸಾರು ಇಟ್ಟಿರ್ತೀನಿ."

ಸಂಜೆ ಇವರು ನಗುತ್ತಾ ಬಂದರು. ನೌಕರಿ ಉಳಿದಿತ್ತು. ಮೂರು ಸಲ ಸಾರು ಬಡಿಸಿಕೊಂಡು, ಕೈ ತೊಳೆದು, ತಾವೇ ಬೋಗುಣಿ ಎಲ್ಲಿ ಎಂದು ಕೇಳಿದರು.