ಅಮಾವಾಸ್ಯೆ ಗೊತ್ತಿದ್ದ ರೇವತಿ

ಗೆಳೆಯರೇ, ಸೇಲಂನ ನಮ್ಮ ಕೈಮಗ್ಗದ ಸೀರೆಗಳ ವಾಟ್ಸಾಪ್ ನೋಡಿಕೊಳ್ಳುವವಳು ಮೆಟ್ಟೂರಿನ ರೇವತಿ. ಮನೆಯಿಂದಲೇ ಕೆಲಸ, ನಾನಿನ್ನೂ ಅವಳ ಮುಖ ನೋಡಿಲ್ಲ.

ಇವತ್ತು ಬೆಳಿಗ್ಗೆ ಅಪ್ಪ ಮಗ್ಗಕ್ಕೆ ಕೂರಲೇ ಇಲ್ಲ. "ಅಮಾವಾಸೆ ಕಣಮ್ಮ, ಮುಟ್ಟಂಗಿಲ್ಲ" ಅಂದರು. ಮದುವೆ ಸೀರೆ ಇವತ್ತೇ ಕೊಡುತ್ತೇವೆಂದು ಗಿರಾಕಿಗೆ ತಿಳಿಸಲು ರೇವತಿಗೆ ಬರೆದಿದ್ದವಳು ನಾನೇ. ಅವಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಗಿರಾಕಿಗೆ ನಾಳಿದ್ದು ಅಂತ ಹೇಳಿದ್ದೀನಿ ಅಕ್ಕಾ. ಹಳೇ ಮೆಸೇಜೆಲ್ಲಾ ನೋಡ್ದೆ, ಅಮಾವಾಸೆ ದಿನ ನಿಮ್ಮನೆಯಿಂದ ಒಂದು ಫೋಟೋನೂ ಬಂದಿಲ್ಲ. ಮಗ್ಗಕ್ಕೆ ಲೀವು ಅಂದ್ಕೊಂಡೆ."

ನಮ್ಮ ಮಗ್ಗ ಸುಮ್ಮನಿರುವುದು ಮೆಟ್ಟೂರಿಗೆ ಕೇಳಿಸಿದೆ, ಪಕ್ಕದ ಕೋಣೆಯ ನನಗಲ್ಲ.

ಅಪ್ಪ ಗೋಡೆಯ ಕ್ಯಾಲೆಂಡರ್ ತೆಗೆದು ನನ್ನ ಮಡಿಲಿಗೆ ಹಾಕಿದರು.

"ಅವ್ಳಿಗೆ ಇದು ಬೇಕಿಲ್ಲ. ನೀನು ಮಡಗ್ಕೋ."