ಹಾಳು ಗಿರಣಿಯ ಚರಗ

ಶಿರಗುಪ್ಪಿಯ ಆಚೆ ಎರಡು ಹಳ್ಳಗಳ ನಡುವೆ ಇರುವ ಹತ್ತಿ ಗಿರಣಿ ಒಂದೇ ರಾತ್ರಿಯಲ್ಲಿ ಹಾಳುಬಿದ್ದಿತೆಂದು ಎಲ್ಲರೂ ಹೇಳುತ್ತಾರೆ. ಸಂಜೆ ಕೂಲಿಯವರ ಚಾಳಿನಲ್ಲಿ ಒಲೆ ಉರಿಯುತ್ತಿತ್ತಂತೆ. ಬೆಳಗಾಗುವಷ್ಟರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ಬಾಯ್ಲರಿನ ಬೆಂಕಿಗೆ ಬಿದ್ದು ಸತ್ತವನೊಬ್ಬ ದೆವ್ವವಾಗಿ ಎಲ್ಲರನ್ನೂ ಓಡಿಸಿದನಂತೆ. ಪ್ರತಿವರ್ಷ ಎಳ್ಳ ಅಮಾವಾಸ್ಯೆಯ ದಿನ, ಮಟಮಟ ಮಧ್ಯಾಹ್ನ, ಕೂಲಿಯವರನ್ನು ಕೆಲಸಕ್ಕೆ ಕರೆಯುವ ಗಿರಣಿಯ ಭೋಂಗಾ ಊದುವವನೂ ಅವನೇ ಅಂತೆ. ಇರಲಿ. ನನ್ನದು ಸಣ್ಣ ಪ್ರಶ್ನೆ: ಜೀವ ಕೈಯಲ್ಲಿ ಹಿಡಿದುಕೊಂಡು ಓಡಿದವರು ಬೀಸುಕಲ್ಲನ್ನು ಹೇಗೆ ಒಯ್ದರು?

ಆ ಚಾಳಿನ ಖೋಲಿಗಳನ್ನು ನಾನು ಒಂದೊಂದಾಗಿ ಹೊಕ್ಕು ನೋಡಿದ್ದೇನೆ. ಬೀಸುಕಲ್ಲು ಇದ್ದ ಕಡೆ ನೆಲದಲ್ಲಿ ಒಂದು ದುಂಡನೆಯ ತಗ್ಗು ಇದೆ, ಕಲ್ಲಿಲ್ಲ. ತೊಟ್ಟಿಲು ಕಟ್ಟಿದ ತೊಲೆಯಲ್ಲಿ ಹಗ್ಗ ಉಜ್ಜಿದ ಗೆರೆ ಇದೆ, ಕೊಂಡಿ ಇಲ್ಲ. ದೆವ್ವ ಬೆನ್ನು ಹತ್ತಿರುವಾಗ ಯಾರೂ ಮೆಟ್ಟುಗಲ್ಲಿನ ಮೇಲೆ ನಿಂತು ತೊಟ್ಟಿಲ ಕೊಂಡಿ ಬಿಚ್ಚುವುದಿಲ್ಲ. ಜನ ಬಿಟ್ಟುಹೋದ ಊರೆಂದರೆ ನನಗೆ ಹುಚ್ಚು ಹಿಡಿಯುವುದು ಇದಕ್ಕಾಗಿಯೇ. ಜನವಿರುವ ಊರು ತನ್ನ ಕತೆಯನ್ನು ತಾನೇ ಹೇಳಿ ಬಾಯಿ ಮುಚ್ಚಿಸುತ್ತದೆ. ಖಾಲಿ ಊರು ಸಾಕ್ಷಿಯನ್ನಷ್ಟೇ ಮುಂದಿಟ್ಟು ಸುಮ್ಮನಾಗುತ್ತದೆ. ಅದರೊಡನೆ ಎಷ್ಟು ಹೊತ್ತಾದರೂ ವಾದಿಸಬಹುದು.

ನಾನಾಗ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾಕೂಟದವರು ದೆವ್ವಗಳು ಇವೆಯೆಂಬ ವಿಷಯ ಇಟ್ಟು, ಇಲ್ಲವೆನ್ನುವ ಪಕ್ಷವನ್ನು ನನಗೆ ಕೊಟ್ಟಿದ್ದರು. ಸುತ್ತಿನ ಹಳ್ಳಿಗಳೆಲ್ಲ ಕಿವಿಯಾರೆ ಕೇಳಿದ ದೆವ್ವವನ್ನೇ ಕೆಡವಿದರೆ ಉಳಿದವು ತಾವಾಗಿ ಬೀಳುತ್ತವೆ ಎಂದು ನನ್ನ ಎಣಿಕೆ. ರಜೆಗೆ ಕೇಶ್ವಾಪುರದ ಮನೆಗೆ ಬಂದವನೇ, ಎಳ್ಳ ಅಮಾವಾಸ್ಯೆಯ ದಿನ ಆ ಗಿರಣಿಗೆ ಹೋಗುವೆನೆಂದು ಪಡಸಾಲೆಯಲ್ಲಿ ಸಾರಿದೆ.

ಪಡಸಾಲೆಯಲ್ಲಿ ಅವ್ವನಲ್ಲದೆ ಕೌದಿ ಆಯಿಯೂ ಇದ್ದಳು. ಚಳಿಗಾಲಕ್ಕೆ ಬಂದು, ಹಳೆಯ ಸೀರೆ ಧೋತರಗಳನ್ನು ಕೂಡಿಸಿ ನಮಗೆ ಕೌದಿ ಹೊಲಿದುಕೊಡುವ ಮುದುಕಿ. ಗಿರಣಿ ನಡೆಯುವಾಗ ಅಲ್ಲಿ ಹತ್ತಿ ಆರಿಸಿದವಳು, ಆ ಚಾಳಿನಲ್ಲೇ ಬಾಳಿದವಳು.

“ಬ್ಯಾರೆ ಯಾವತ್ತರ ಹೋಗೋ ತಮ್ಮಾ,” ಎಂದಳು ಸೂಜಿಯಿಂದ ಕಣ್ಣೆತ್ತದೆ. “ಆವತ್ತೊಂದು ಬ್ಯಾಡ.”

“ಯಾಕ? ಅವನ ಹಾಜರಿ ಆವತ್ತಽ ಅಲ್ಲೇನು?”

“ಹಾಜರಿನೋ ಗೀಜರಿನೋ. ಆ ಭೋಂಗಾ ನಾ ಈ ಕಿವಿಲೆ ಕೇಳೇನಿ.”

“ಕೇಳೀದಿ ಅಂದ್ರ ನೀ ಅಲ್ಲೇ ಇದ್ದಿ ಅಂದಂಗಾತು. ಮತ್ತ ನಿನ್ನ ಯಾಕ ಹಿಡೀಲಿಲ್ಲ ಅದು?”

ಆಯಿ ಅವ್ವನ ಕಡೆ ತಿರುಗಿದಳು. “ಅಕ್ಕಾರ, ನಿಮ್ಮ ಮಗಗ ಲಗೂ ಒಂದು ಲಗ್ನಾ ಮಾಡ್ರಿ. ಈ ವಕೀಲಕಿ ತಾನಽ ಬಂದ್ ಆಕ್ಕೈತಿ.”

ಅವ್ವ ನಕ್ಕಳು. ಆಯಿ ಮಾತ್ರ ನಗಲಿಲ್ಲವೆಂಬುದನ್ನು ನಾನು ಗಮನಿಸಿದೆ. ಗಮನಿಸಿ, ಮುದುಕಿಗೆ ಖರೇ ಅಂಜಿಕೆಯಿದೆಯೆಂದು ತೀರ್ಮಾನ ಮಾಡಿದೆ.

ಅಮಾವಾಸ್ಯೆಯ ದಿನ ಸೈಕಲ್ ಹತ್ತಿ ಹೊರಟೆ. ಮಳೆಗಾಲದಲ್ಲಿ ಎರಡೂ ಹಳ್ಳ ತುಂಬಿ ಗಿರಣಿಯ ದಿಬ್ಬ ನಡುಗಡ್ಡೆಯಾಗುತ್ತದೆ. ನಡುಗಡ್ಡೆಯಲ್ಲಿ ಕಾರ್ಖಾನೆ ಕಟ್ಟಿದವನಿಗೆ ಬುದ್ಧಿ ಇರಲಿಲ್ಲ ಎಂದು ಜನ ನಗುತ್ತಾರೆ. ಹತ್ತಿ ಬರುವುದು ಬೇಸಿಗೆಯಲ್ಲಿ, ಆಗ ಹಳ್ಳ ಒಣಗಿರುತ್ತದೆ ಎಂದರೆ ಸುಮ್ಮನಾಗುತ್ತಾರೆ. ನಾನು ಹೋದಾಗಲೂ ಹಳ್ಳದಲ್ಲಿ ನೀರು ಇರಲಿಲ್ಲ. ಎರಡೂ ಕಡೆ ಆಳೆತ್ತರದ ಜೋಳ, ಅದರ ಮೇಲೆ ಗಿರಣಿಯ ಚಿಮಣಿ ಮಾತ್ರ ಕಾಣುತ್ತಿತ್ತು. ಹಳ್ಳ ದಾಟಿ ಸೈಕಲ್ ತಳ್ಳುತ್ತ ಹೋಗುತ್ತಿದ್ದಾಗ ಭೋಂಗಾ ಊದಿತು.

ಗಾಳಿಯಲ್ಲ, ನರಿಯಲ್ಲ. ಆ ಚಿಮಣಿಯೊಳಗಿಂದಲೇ ಬಂದ ಉದ್ದನೆಯ, ಗಡುಸಾದ ಕೂಗು. ನನ್ನ ತರ್ಕವೆಲ್ಲ ತಲೆಯಲ್ಲಿ ಇದ್ದಲ್ಲೇ ಇತ್ತು. ಮೈಮೇಲಿನ ರೋಮ ಅದನ್ನು ಕೇಳದೆ ನೆಟ್ಟಗಾಯಿತು. ಸೈಕಲ್ಲನ್ನು ಜೋಳದಲ್ಲಿ ಕೆಡವಿ, ಗೋಡೆ ಸುತ್ತುಹಾಕಿ ಇಂಜಿನ್ ಮನೆಯೊಳಗೆ ಇಣುಕಿದೆ.

ದಾಡಿಯವರೊಬ್ಬರು ತಣ್ಣಗಿನ ಬಾಯ್ಲರಿನ ಬಾಯೊಳಗೆ ಭುಜದವರೆಗೆ ತೂರಿ “ಹುಲ್ಲುಲ್ಲಿಗ್ಯೋ” ಎಂದು ಕೂಗುತ್ತಿದ್ದರು. ಅವರ ಹಿಂದೆ ಜಮಖಾನೆಯ ಮೇಲೆ ಹೆಂಗಸರು, ಗಂಡಸರು, ಮಕ್ಕಳು ಬುತ್ತಿ ಬಿಚ್ಚಿ ಕುಳಿತಿದ್ದರು. ನಡುವೆ ಶೇಂಗಾ ಹೋಳಿಗೆ ಹಂಚುತ್ತಿದ್ದವಳು ನಮ್ಮ ಕೌದಿ ಆಯಿ.

“ಬಂದಽ ಬಿಟ್ಟೆಲ್ಲೋ!” ಎಂದಳು. ಸಿಕ್ಕಿಬಿದ್ದವಳ ಮುಖ ಅದಲ್ಲ. ಊಟಕ್ಕೆ ತಡವಾಗಿ ಬಂದವನನ್ನು ಬೈಯುವ ಮುಖ. “ಕುಂಡ್ರು. ಮೊದಲ ಉಣ್ಣು. ವಾದ ಆಮ್ಯಾಲೆ.”

ದಾಡಿಯವರು ಮಸಿ ಒರೆಸಿಕೊಳ್ಳುತ್ತ ಹೊರಗೆ ಬಂದರು. ಗಿರಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ, ಎಲ್ಲರಿಗೂ ಚಾಚಾ. “ಏನ್ರಿ ವಕೀಲಸಾಹೇಬ್ರ, ದೆವ್ವಾ ಹಿಡ್ಯಾಕ ಬಂದೀರೇನು? ತೊಗೋರಿ, ಹಿಡೀರಿ. ಆದ್ರ ಜರಾ ನೀರು ಕುಡ್ಯಾಕ ಬಿಡ್ರಿ, ದೆವ್ವದ ಗಂಟ್ಲ ಒಣಗೈತಿ.”

ಉಣ್ಣುತ್ತ ಉಣ್ಣುತ್ತ ಎಲ್ಲವೂ ತಿಳಿಯಿತು. ಎಳ್ಳ ಅಮಾವಾಸ್ಯೆಗೆ ಒಕ್ಕಲಿಗರು ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಬಳಿದು ಪೂಜಿಸಿ, ಅಡಿಗೆಯನ್ನು ಬೆಳೆಯ ಮೇಲೆ ಚೆಲ್ಲಿ “ಹುಲ್ಲುಲ್ಲಿಗ್ಯೋ” ಎಂದು ಕೂಗುತ್ತಾರೆ. ಭೂಮಿಗೆ ಉಣಿಸುವ ಈ ಎಡೆಯೇ ಚರಗ. ಚಾಳಿನವರಿಗೆ ಹೊಲವೇ ಇರಲಿಲ್ಲ. ಉಣ್ಣಲು ಕೊಡುವುದು ಗಿರಣಿ, ಆದ್ದರಿಂದ ಗಿರಣಿಯೇ ಹೊಲ ಎಂದು ಹಿರಿಯರು ಗೊತ್ತುಮಾಡಿದ್ದರು. ಬಾಯ್ಲರಿನ ಬಾಯಲ್ಲಿ ಸುಣ್ಣ ಬಳಿದ ಐದು ಇಟ್ಟಂಗಿ ಇಟ್ಟು, ಯಂತ್ರಗಳ ಸುತ್ತ ಚರಗ ಚೆಲ್ಲುತ್ತಿದ್ದರು. ಗಿರಣಿ ನಿಂತ ಮೇಲೂ ಆ ಪದ್ಧತಿ ಬಿಡಲಿಲ್ಲ. ಹಳ್ಳಿಯವರು ಆ ದಿನ ತಮ್ಮ ಹೊಲಗಳಲ್ಲೇ ಇರುತ್ತಾರೆ. ಮರುದಿನ ಯಾರೋ ಇಲ್ಲಿ ಬಂದು ಬಿಳಿ ಇಟ್ಟಂಗಿ, ಚೆಲ್ಲಿದ ಅನ್ನ ನೋಡಿ ಮಾಟವೆಂದುಕೊಂಡರು. ಬಾಯ್ಲರಿನಿಂದ ಏರಿ ಚಿಮಣಿಯಿಂದ ಹೊರಟ ಕೂಗನ್ನು ಭೋಂಗಾ ಎಂದುಕೊಂಡರು. ಅದೇ ಚರಗವನ್ನು ಅವರೂ ಹಿಂದಿನ ದಿನ ಚೆಲ್ಲಿದ್ದರು. ಹೊಲ ಉಳ್ಳವರಿಗೆ ಚರಗ ಹೊಲದ ಹೊರಗೂ ಇರಬಹುದೆಂದು ಹೊಳೆಯಲಿಲ್ಲ, ಅಷ್ಟೆ.

“ಓಡಿಹೋದ್ರು ಅಂತ ಯಾರ ಹೇಳಿದ್ರು ನಿನಗ?” ಎಂದಳು ಆಯಿ. “ಪ್ಯಾಟ್ಯಾಗ ರೈಲಿನ ಮಗ್ಗಲಕ ಹೊಸಾ ಗಿರಣಿ ಆದ್ವು. ಚಕ್ಕಡಿ ಎಲ್ಲಾ ಆ ಕಡೆ ತಿರುಗಿದ್ವು. ಇವತ್ತ ಒಬ್ರು, ನಾಳಿ ಒಬ್ರು ಹ್ವಾದ್ರು. ಹಾಡೇ ಹಗಲ ಹ್ವಾದ್ವಿ, ಬೀಸುಕಲ್ಲ ಹೇರ್ಕೊಂಡು.”

ಬೀಸುಕಲ್ಲು! ಗೆದ್ದ ಸಂತೋಷಕ್ಕೆ ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಚರ್ಚೆಯಲ್ಲಿ ಇದನ್ನೆಲ್ಲ ಹೇಳಿ ಚಪ್ಪಾಳೆ ಹೊಡೆಸುವುದಾಗಿ ಹೇಳಿದೆ. ಚಾಚಾ ಕೈಯಲ್ಲಿದ್ದ ತುತ್ತು ಕೆಳಗಿಟ್ಟು ಆಯಿಯ ಮುಖ ನೋಡಿದರು.

ಆಯಿ ನನ್ನನ್ನು ಹೊರಗೆ ಕರೆದೊಯ್ದಳು. ಅಂಗಳದಲ್ಲಿ, ಹಿಂದೆ ಚೆಲ್ಲಿಹೋದ ಕಾಳಿನಿಂದ ತಾವೇ ಹುಟ್ಟಿದ ಹತ್ತಿ ಗಿಡಗಳು ನಿಂತಿದ್ದವು. ಒಡೆದ ಒಂದೆರಡು ಕಾಯಿ ಕಿತ್ತು, ಬತ್ತಿಗೆಂದು ಸೆರಗಿಗೆ ಕಟ್ಟಿಕೊಂಡಳು.

“ಹಳ್ಯಾಗ ಈ ಸುಳ್ಳು ನಾವು ಹುಟ್ಟಿಸಲಿಲ್ಲೋ ತಮ್ಮಾ. ಹುಟ್ಟಿದ್ದಕ್ಕ ಹೌದು ಹೌದು ಅಂದ್ವಿ. ದೆವ್ವಾ ಇಲ್ಲ ಅಂತ ಗೊತ್ತಾದ ಮರುದಿನ ಈ ತಗಡು ಇರಂಗಿಲ್ಲ, ಬಾಗಲಾ ಇರಂಗಿಲ್ಲ. ಇಟ್ಟಂಗಿ ಸುದ್ದಾ ಹೇರ್ಕೊಂಡು ಹೋಗ್ತಾರ.”

“ಹೋಗ್ಲಿ. ಮಾಲಕ ಮುಂಬಯಿದಾಗ ಇದ್ದಾನ. ಇದೇನ ನಿಂದೇನು?”

“ನಂದಲ್ಲ,” ಎಂದಳು. ಒಂದು ಖೋಲಿಯ ಮುಂದೆ ನಿಂತು ಬಾಗಿಲ ಚೌಕಟ್ಟಿನ ಧೂಳು ಒರೆಸಿದಳು. “ಲಗ್ನಾಗಿ ಬಂದಿದ್ದು ಇಲ್ಲೆ. ಹಡದಿದ್ದು ಇಲ್ಲೆ. ಆಮ್ಯಾಲೆ ಎಲ್ಲಾ ಬಾಡಿಗಿ ಖೋಲಿ, ಇವತ್ತೊಂದು, ನಾಳಿಗೊಂದು. ಇದು ನಂದಲ್ಲ ಅಂದ್ರ, ನಂದು ಯಾವುದು? ನೀನಽ ಹೇಳಲ್ಲಾ, ಶ್ಯಾಣ್ಯಾ ಅದಿ.”

ವಾದದಲ್ಲಿ ಎದುರಾಳಿ ಪ್ರಶ್ನೆ ಕೇಳಿದರೆ ಮರುಪ್ರಶ್ನೆ ಹಾಕಬೇಕೆಂದು ಕಲಿತಿದ್ದೆ. ಅದನ್ನು ಬಿಟ್ಟು, ಚೌಕಟ್ಟಿನ ಆಚೆ ಬದಿಯ ಧೂಳನ್ನು ನಾನು ಒರೆಸಿದೆ. ಸಂಜೆ ಎಲ್ಲರೊಡನೆ ಹಳ್ಳದ ದಂಡೆ ಹಿಡಿದು ಬಂದೆ. ಚಾಚಾ ನನ್ನ ಸೈಕಲ್ಲಿಗೆ ಮಕ್ಕಳನ್ನು ಹತ್ತಿಸಿ ತಳ್ಳಿಸಿದರು.

ಚರ್ಚೆಯ ದಿನ ಎದುರು ಪಕ್ಷದಲ್ಲಿದ್ದವನು ಹೆಬ್ಬಳ್ಳಿಯ ಹುಡುಗ. ಅವನು ಎತ್ತಿಕೊಂಡದ್ದೇ ಆ ಗಿರಣಿಯನ್ನು. “ಎಳ್ಳ ಅಮಾವಾಸ್ಯೆಯ ಭೋಂಗಾ ಯಾರು ಊದುತ್ತಾರೆ? ನನ್ನ ಮಿತ್ರರು ಹೇಳಲಿ, ನಾನು ಸೋಲೊಪ್ಪಿ ಇಲ್ಲೇ ಕೂಡುತ್ತೇನೆ,” ಎಂದ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿ ಶೇಂಗಾ ಹೋಳಿಗೆಯ ಹಾಗೆ ಇತ್ತು. ಗಾಳಿ, ಪ್ರತಿಧ್ವನಿ ಎಂದು ಏನೋ ತೊದಲಿದೆ. ಸಭೆ ನಕ್ಕಿತು. ಸೋತೆ. ಅಂದು ಮನೆಗೆ ಮರಳುತ್ತ ರಾಯಾಪುರದ ತನಕ ಸೈಕಲ್ ಮೇಲೆ ಸಿಳ್ಳು ಹಾಕುತ್ತ ಬಂದದ್ದು ನೆನಪಿದೆ. ಸೋತವನು ಸಿಳ್ಳು ಹಾಕಿದ್ದಕ್ಕೆ ಕಾರಣ ಕೊಡು ಎಂದರೆ ಈಗಲೂ ಕೊಡಲಾರೆ.

“ಸೋತ್ಯಂತಲ್ಲಾ,” ಎಂದಳು ಆಯಿ, ಸೂಜಿಗೆ ದಾರ ಪೋಣಿಸುತ್ತ. “ಭಾಳ ಛಲೋ ಆತು.” ಆ ವರ್ಷದ ನನ್ನ ಕೌದಿಯ ಅಂಚಿಗೆ ಬೇರೆ ಯಾರದಕ್ಕೂ ಇಲ್ಲದ ಕೆಂಪು ಪಟ್ಟಿ ಬಂತು. ಮುಂದಿನ ಎಳ್ಳ ಅಮಾವಾಸ್ಯೆಗಳಲ್ಲಿ ಬಾಯ್ಲರಿನೊಳಗೆ ನಾನೂ ಕೂಗಿದ್ದೇನೆ; ಚಾಚಾನ ಕೂಗಿನಷ್ಟು ದೂರ ಕೇಳುವುದಿಲ್ಲವಂತೆ.

ಈಗ ಇದನ್ನು ಬರೆಯಲು ಅಡ್ಡಿಯಿಲ್ಲ. ದೆವ್ವದ ಕೆಲಸ ಮುಗಿದಿದೆ. ಯುದ್ಧ ಬಂದು ಹತ್ತಿಗೆ ಬೇಡಿಕೆ ಏರಿದೆ; ಮಾಲಕನ ಮೊಮ್ಮಗ ಗಿರಣಿಯನ್ನು ಮತ್ತೆ ನಡೆಸುತ್ತಾನಂತೆ. ಬಾಗಿಲಿಗೆ ಕಾವಲುಗಾರ ಬಂದು ಕುಳಿತಿದ್ದಾನೆ, ಚಾಚಾನನ್ನು ಇಂಜಿನ್ ನೋಡಲು ಕರೆಸಿದ್ದಾರೆ. ಮೊನ್ನೆ ಈ ಸುದ್ದಿ ಹಿಡಿದುಕೊಂಡು ಪಡಸಾಲೆಗೆ ಬಂದೆ. ಆಯಿಗೆ ಆಗಲೇ ಗೊತ್ತಿತ್ತು. ಹೊಲಿಗೆ ನಿಲ್ಲಿಸಿರಲಿಲ್ಲ. ಮಡಿಲಲ್ಲಿ ಹರಡಿದ ಕೌದಿಯ ಆ ತುದಿಯನ್ನು ಹಿಡಿದು ಎದುರು ಕುಳಿತೆ. ಯಾವ ಪಕ್ಷ ಹಿಡಿಯಬೇಕೆಂದು ನನಗೇ ತಿಳಿಯದ ಪ್ರಶ್ನೆಯನ್ನು ಮೊದಲ ಸಲ ಕೇಳಿದೆ:

“ಆಯಿ, ಖರೇ ಭೋಂಗಾ ಊದಿದ ಮ್ಯಾಲೆ ಆ ಗಿರಣಿ ನಿಮ್ಮ ಹೊಲಾ ಆಗಿ ಉಳೀತದೇನು?”